ಎಪ್ಪತ್ತೆರಡರಿಂದ ಇಳಿಯದ ಮನೆ

ಮಾರಾಟಕ್ಕಿರುವ ನಮ್ಮ ಮನೆ,
ಮುಂದಿನ ಕೋಣೆ, ಕಿಟಕಿಯ ಪಕ್ಕ,
ಹದಿನಾಲ್ಕನೇ ತಾರೀಖು, ಶುಕ್ರವಾರ ಬೆಳಗ್ಗೆ

ನನ್ನ ಪ್ರೀತಿಯ ಚೌಕಾಶಿ ರಾಣಿಗೆ,

ಹೇಗಿದ್ದೀಯ? ಎಡಗಾಲು ಜೋಮು ಹಿಡಿಯುವುದು ಸ್ವಲ್ಪವಾದರೂ ಕಡಿಮೆಯಾಯಿತೇ? ಭಾನುವಾರ ನೋಡಿದಾಗ ನೀನು ಕೆಮ್ಮುತ್ತಿದ್ದೆ. ಬಿಸಿನೀರು ಕೊಟ್ಟರೆ ‘ಕುಡೀತೀನಿ ಬಿಡಿ’ ಎಂದು ಲೋಟವನ್ನು ಕಿಟಕಿಯಲ್ಲಿಟ್ಟು, ಎಲ್ಲರೂ ಆಚೆ ಹೋದ ಮೇಲೆ ಕುಂಡದ ಗಿಡಕ್ಕೆ ಸುರಿಯುತ್ತೀಯಂತೆ. ನಿಮ್ಮ ಆರೈಕೆ ಕೇಂದ್ರದ ಮೇಲ್ವಿಚಾರಕಿ ದೊಡ್ಡಕ್ಕ ಹೇಳಿದರು. ಆ ಗಿಡಕ್ಕೆ ಕೆಮ್ಮಿಲ್ಲ, ಕಫವಿಲ್ಲ, ಜೋಮು ಹಿಡಿಯಲು ಕಾಲೇ ಇಲ್ಲ. ದಯವಿಟ್ಟು ನೀನೇ ಕುಡಿ. ತಲೆ ಬಾಚಲು ಬಂದವರ ಕೈಯಿಂದ ಬಾಚಣಿಗೆ ಕಿತ್ತುಕೊಂಡು ಅವರಿಗೇ ತಲೆ ಬಾಚುತ್ತೀಯ ಎಂದೂ ತಿಳಿಯಿತು. ಅದನ್ನು ಮಾತ್ರ ನಿಲ್ಲಿಸಬೇಡ. ಅವರಿಗೂ ಯಾರಾದರೂ ಬಾಚಬೇಕಲ್ಲ.

ನಾನು ಚೆನ್ನಾಗಿದ್ದೇನೆ. ಹೊಟ್ಟೆ ಮುಂದೆ ಬಂದಿದೆ, ಕೂದಲು ಹಿಂದೆ ಹೋಗಿದೆ, ನಡುವೆ ನಾನು ಹೇಗೋ ನಿಂತಿದ್ದೇನೆ. ಪ್ರೆಸ್ಸಿನಲ್ಲಿ ಈಗಲೂ ಅದೇ ಕೆಲಸ. ಬೇರೆಯವರ ಕರಪತ್ರ, ಬೇರೆಯವರ ಆಮಂತ್ರಣ, ಬೇರೆಯವರ ತಪ್ಪು. ಮೊನ್ನೆ ಒಬ್ಬ ಹಲ್ಲಿನ ಡಾಕ್ಟರು ಬಂದು ತಮ್ಮ ಕರಪತ್ರಕ್ಕೆ ಎರಡು ಸಾಲು ಬೇಕೆಂದರು. ‘ನೋವಿನ ಹಲ್ಲು ನಮ್ಮಲ್ಲಿ ಇಡಿ, ನಗುವಿನ ಬಾಯಿ ಮನೆಗೆ ನಡಿ’ ಎಂದು ಕೂತಲ್ಲೇ ಬರೆದುಕೊಟ್ಟೆ. ಡಾಕ್ಟರಿಗೆ ಬಹಳ ಖುಷಿಯಾಯಿತು. ‘ನಡಿ’ ಎಂದು ಗಿರಾಕಿಗೆ ಹೇಳಬಾರದು ಎಂದು ಯಜಮಾನರು ಅಡ್ಡ ಗೀಟು ಎಳೆದರು. ನೀನಿದ್ದಿದ್ದರೆ ಯಾರ ಪಕ್ಷ ವಹಿಸುತ್ತಿದ್ದೆಯೋ ಗೊತ್ತಿಲ್ಲ. ಬಹುಶಃ ಡಾಕ್ಟರ ಪಕ್ಷ ವಹಿಸಿ, ಹಲ್ಲು ತೋರಿಸಿ, ಪುಕ್ಕಟೆ ಔಷಧಿ ಬರೆಸಿಕೊಳ್ಳುತ್ತಿದ್ದೆ.

ಈ ಕಾಗದ ಓದಿ ಮಡಚಿ ದೊಡ್ಡಕ್ಕನ ಕೈಗೆ ಕೊಟ್ಟು, ‘ಯಾರದ್ದೋ ಕಾಗದ ಕಣ್ರೀ, ವಿಳಾಸ ತಪ್ಪಿ ಬಂದಿದೆ, ವಾಪಸ್ ಕಳಿಸಿಬಿಡಿ’ ಎನ್ನುತ್ತೀಯ. ಪ್ರತಿ ವಾರವೂ ಹಾಗೇ ಆಗಿದೆ. ಹೋದ ಸಲ ‘ಬರೆದೋರು ಪಾಪ ಒಳ್ಳೆಯವ್ರ ಥರ ಕಾಣ್ತಾರೆ, ಮಾತು ಮಾತ್ರ ಜಾಸ್ತಿ’ ಎಂದು ಷರಾ ಬೇರೆ ಹಾಕಿದ್ದೆಯಂತೆ. ಅಡ್ಡಿಯಿಲ್ಲ. ಇದನ್ನೆಲ್ಲ ಎದುರು ಕೂತು ಹೇಳಿದರೆ ನಿನಗೆ ಹೆದರಿಕೆಯಾಗುತ್ತದೆ; ಕಾಗದದಲ್ಲಾದರೆ ಕಥೆಯ ಹಾಗೆ ಪೂರ್ತಿ ಓದುತ್ತೀಯ. ಅದಕ್ಕೇ ಬರೆಯುತ್ತೇನೆ. ಮತ್ತು ಹೋದ ಕಾಗದ ನಿನಗೆ ನೆನಪಿರುವುದಿಲ್ಲವಾದ್ದರಿಂದ ಪ್ರತಿ ಸಲವೂ ಮೊದಲಿನಿಂದ ಹೇಳಬೇಕು. ಪ್ರೆಸ್ಸಿನವನಿಗೆ ಮರುಮುದ್ರಣ ಹೊಸದಲ್ಲ.

ಮೊದಲು ಎಂದರೆ, ಎರಡು ವರ್ಷದ ಹಿಂದೆ ನಿನಗೆ ಜ್ವರ ಬಂತು. ಮೂರನೇ ದಿನ ಅದು ಮಿದುಳಿಗೆ ಏರಿತು. ಹನ್ನೆರಡು ದಿನ ನೀನು ಕಣ್ಣು ಬಿಡಲಿಲ್ಲ. ಬಿಟ್ಟಾಗ ಹದಿನೈದು ವರ್ಷ ಕಾಣೆಯಾಗಿತ್ತು. ಈಗ ನಿನ್ನ ತಲೆಯಲ್ಲಿ ನಮ್ಮ ಮದುವೆಗೆ ಮೂರೇ ವರ್ಷ. ನಾವು ಇನ್ನೂ ಪ್ರೆಸ್ಸಿನ ಹಿಂದಿನ ಒಂದು ಕೋಣೆಯ ಬಾಡಿಗೆ ಮನೆಯಲ್ಲಿದ್ದೇವೆ. ನೀನು ಕಟ್ ಪೀಸ್ ಬಟ್ಟೆಯ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಂತಿದ್ದೀಯ. ನಿನ್ನ ಗಂಡನಿಗೆ ಇಪ್ಪತ್ತೊಂಬತ್ತು, ತಲೆತುಂಬ ಕೂದಲು, ಸಂಜೆ ಏಳಕ್ಕೆ ಶಾಯಿ ಕೈಯಲ್ಲಿ ಮನೆಗೆ ಬರುತ್ತಾನೆ. ನಲವತ್ತಾರರ ಈ ಬೋಳು ತಲೆಯವನು ಯಾರೋ ನಿನಗೆ ತಿಳಿಯದು. ಮೊದಮೊದಲು ‘ನಾನೇ ಕಣೇ’ ಎಂದು ಹಟ ಹಿಡಿದೆ. ನೀನು ಗೋಡೆಗೆ ಅಂಟಿ ನಿಂತು ‘ಇವರನ್ನ ಆಚೆ ಕಳಿಸಿ’ ಎಂದು ಅತ್ತೆ. ಅಂದಿನಿಂದ ನಾನು ‘ಭಾನುವಾರದ ಅಣ್ಣ’. ಹದಿನೆಂಟು ವರ್ಷ ಸಂಸಾರ ಮಾಡಿ ಅಣ್ಣನಾಗಿ ಬಡ್ತಿ ಪಡೆದ ಗಂಡ ಲೋಕದಲ್ಲಿ ನಾನೊಬ್ಬನೇ ಇರಬೇಕು.

ಕಾಣೆಯಾದ ಆ ಹದಿನೈದು ವರ್ಷದಲ್ಲಿ ನಾವೊಂದು ಮನೆ ಕಟ್ಟಿದೆವು. ಕಟ್ಟಿದವಳು ನೀನೇ, ನಾನು ಬರೀ ಇಟ್ಟಿಗೆ ಎಣಿಸಿದೆ, ಅದೂ ತಪ್ಪು ಎಣಿಸಿದೆ. ಮೇಸ್ತ್ರಿಯ ಜೊತೆ, ಮರದವನ ಜೊತೆ, ಕೊನೆಗೆ ಬಾವಿ ತೋಡುವವನ ಜೊತೆ ‘ನೀರು ಇಷ್ಟು ಆಳದಲ್ಲಿ ಸಿಕ್ಕಿದ್ರೆ ನಿಮಗೆ ಕಷ್ಟವೇನು ಬಂತು, ಕೂಲಿ ಕಡಿಮೆ ಮಾಡಿ’ ಎಂದು ಚೌಕಾಶಿ ಮಾಡಿ ಎಬ್ಬಿಸಿದ ಮನೆ. ಮುಂದೊಂದು ಕೋಣೆ, ಹಿಂದೊಂದು ಕೋಣೆ, ಮತ್ತು ಮಗುವಿಗೆಂದು ಕಟ್ಟಿಸಿ, ಆಮೇಲೆ ನಿನ್ನ ಬಟ್ಟೆಯ ಗಂಟುಗಳು ದೊಡ್ಡವಾಗಿ ಬೆಳೆದ ಮೂರನೇ ಕೋಣೆ. ಆ ಮನೆ ಮಾರಾಟಕ್ಕಿಟ್ಟು ಹನ್ನೊಂದು ತಿಂಗಳಾಯಿತು. ನೀನಿರುವ ಕೇಂದ್ರಕ್ಕೆ ಕಟ್ಟಬೇಕಾದ್ದು ನನ್ನ ಸಂಬಳದಲ್ಲಿ ಹುಟ್ಟುವುದಿಲ್ಲ. ನಿನ್ನನ್ನು ಮನೆಯಲ್ಲೇ ಇಟ್ಟುಕೊಂಡು ನೋಡಿದ ನಾಲ್ಕು ತಿಂಗಳಲ್ಲಿ ನೀನು ಮೂರು ಸಲ ಒಲೆ ಹಚ್ಚಿ ಮರೆತೆ, ಎರಡು ಸಲ ಬಾಡಿಗೆ ಮನೆ ಹುಡುಕಿಕೊಂಡು ಬೀದಿಗೆ ಹೋದೆ. ಆ ಬಾಡಿಗೆ ಮನೆ ಕೆಡವಿ ಎಷ್ಟೋ ಕಾಲವಾಗಿದೆ. ಅದಿದ್ದ ಜಾಗದಲ್ಲಿ, ರಸ್ತೆಯ ಅಂಚಿಗೆ ಕೂತು ಅಳುತ್ತಿದ್ದವಳನ್ನು ಕೈ ಹಿಡಿದು ಕರೆತರಲು ಹೋದರೆ, ನೀನು ನನ್ನ ಕೈ ಕೊಡವಿ ಪೊಲೀಸಿನವನ ಕೈ ಹಿಡಿದೆ.

ಮಾರುವ ಜಾಹೀರಾತನ್ನು ನಾನೇ ಬರೆದು ನಾನೇ ಅಚ್ಚು ಹಾಕಿದೆ. ಹೀಗಿತ್ತು:

ಮೂರು ಕೋಣೆ, ತಾರಸಿಗೆ ಏಣಿ,
ಮುಂಬಾಗಿಲಿಗೆ ಬಿಸಿಲಿನ ಓಣಿ;
ನೋಡಲು ಬನ್ನಿ, ಭಾನುವಾರ ಬಿಟ್ಟು,
ಬೆಲೆ ಕೇಳಿ, ಮನಸ್ಸು ಗಟ್ಟಿ ಇಟ್ಟು.

ಬೆಲೆ ಎಪ್ಪತ್ತೆರಡು ಲಕ್ಷ ಎಂದು ಬರೆದೆ. ನಮ್ಮ ದಲ್ಲಾಳಿಗೆ ಮೂರು ಫೋನು, ಒಂದೇ ಕಿವಿ. ಇನ್ನೊಂದು ಕಿವಿ ಕೇಳಿಸುವುದಿಲ್ಲ. ಅವನು ಆ ಒಳ್ಳೆಯ ಕಿವಿಯನ್ನು ನನ್ನ ಕಡೆ ತಿರುಗಿಸಿ ‘ಇನ್ನೊಂದ್ಸಲ ಹೇಳಿ ಸಾರ್’ ಎಂದ. ಹೇಳಿದೆ. ‘ಈ ಓಣೀಲಿ ಅರವತ್ನಾಲ್ಕು ದಾಟಿ ಒಂದು ಮನೆ ಹೋಗಿಲ್ಲ. ಆರು ತಿಂಗಳು ನೋಡೋಣ, ಆಮೇಲೆ ಇಳಿಸೋಣ’ ಎಂದ. ಆರು ತಿಂಗಳು ಕಳೆಯಿತು. ಇಳಿಸಲಿಲ್ಲ. ಎಂಟಾಯಿತು. ಇಳಿಸಲಿಲ್ಲ. ಒಂಬತ್ತನೇ ತಿಂಗಳು ಅವನು ನನ್ನ ಮೇಜಿನ ಮುಂದೆ ಕೂತು, ಮೂರೂ ಫೋನುಗಳನ್ನು ಮಗುಚಿಟ್ಟು, ‘ಸಾರ್, ಬೇಜಾರು ಮಾಡ್ಕೋಬೇಡಿ. ಇದು ಬೆಲೆ ಅಲ್ಲ, ಬೀಗ’ ಎಂದ. ಪ್ರಾಸ ಕಟ್ಟಿ ಹೊಟ್ಟೆ ಹೊರೆಯುವವನು ನಾನು. ಅಂಥ ಮಾತು ಹೊಳೆದದ್ದು ಅವನಿಗೆ. ಹೊಟ್ಟೆಕಿಚ್ಚಾಯಿತು. ಆಮೇಲೆ ನಿಜವೆಂದು ನಾಚಿಕೆಯೂ ಆಯಿತು.

ಎಪ್ಪತ್ತೆರಡಕ್ಕೆ ಲೆಕ್ಕವೇ ಇರಲಿಲ್ಲ ಕಣೇ. ಯಾರೂ ಕೊಡಲಾರದ ಬೆಲೆ ಎಂಬುದೊಂದೇ ಅದರ ಲೆಕ್ಕ. ನೆನಪು ಬರುವುದಾದರೆ ಎರಡು ವರ್ಷದ ಒಳಗೆ ಬರುತ್ತದೆ, ಆಮೇಲೆ ಬರುವುದು ಕಷ್ಟ ಎಂದು ನಿನ್ನನ್ನು ನೋಡುವ ಡಾಕ್ಟರು ಮೊದಲೇ ಹೇಳಿದ್ದರು. ಹಾಗಾಗಿ ಎರಡು ವರ್ಷ ಮುಗಿಯುವ ತನಕ ಮನೆ ಮಾರಾಟಕ್ಕಿರಬೇಕು, ಆದರೆ ಮಾರಾಟವಾಗಬಾರದು. ಒಂದು ದಿನ ಬೆಳಗ್ಗೆ ನೀನು ಕಣ್ಣು ಬಿಟ್ಟು ‘ಬಟ್ಟೆ ಕೋಣೆ ಕಿಟಕಿ ಹಾಕಿದ್ಯೇನೋ?’ ಎಂದು ಕೇಳಿದರೆ, ಹಾಕುವುದಕ್ಕೆ ಒಂದು ಕಿಟಕಿ ಬೇಕಲ್ಲ ನನಗೆ.

ಆದರೂ ನೋಡಲು ಬರುವವರು ಬಂದರು. ಒಬ್ಬ ನಿವೃತ್ತ ಲೈನ್‌ಮನ್ ಬಂದು ಎಲ್ಲ ಸ್ವಿಚ್ಚುಗಳನ್ನು ಒತ್ತಿ, ಒಂದಕ್ಕೂ ದೀಪ ಹತ್ತದಿದ್ದಾಗ ಸಂತೋಷದಿಂದ ಹೊರಟುಹೋದ. ಕರೆಂಟು ಹೋಗಿದೆ ಎಂದು ಹೇಳುವ ಗೋಜಿಗೆ ನಾನು ಹೋಗಲಿಲ್ಲ. ಸಂಗೀತದ ಮೇಡಂ ಒಬ್ಬರು ಪ್ರತಿ ಕೋಣೆಯಲ್ಲೂ ‘ಆ...’ ಎಂದು ರಾಗ ತೆಗೆದು, ಬಚ್ಚಲು ಮನೆ ಒಂದೇ ಚೆನ್ನಾಗಿದೆ, ಅದಕ್ಕೆ ಎಪ್ಪತ್ತೆರಡು ಹೆಚ್ಚಾಯಿತು ಎಂದರು. ಇವರನ್ನೆಲ್ಲ ನಾನು ನಿನ್ನ ವಿದ್ಯೆಯಿಂದ ಅಳೆದೆ. ನಿನಗೆ ಅದು ನೆನಪಿದೆ, ನನಗೆ ಗೊತ್ತು, ಅಂಗಡಿಯ ಮೊದಲ ವರ್ಷದಲ್ಲೇ ನೀನು ಕಲಿತದ್ದು: ಗಿರಾಕಿಯ ಬಾಯಿ ನೋಡಬಾರದು, ಕೈ ನೋಡಬೇಕು. ಬಾಯಿ ‘ದುಬಾರಿ’ ಎಂದು ಎಷ್ಟೇ ಕೂಗಲಿ, ಕೈ ಇನ್ನೂ ಬಟ್ಟೆಯ ಮೇಲಿದ್ದರೆ ಇಳಿಸಬಾರದು. ಕೈ ಬಟ್ಟೆ ಬಿಟ್ಟ ಕ್ಷಣ ಇಳಿಸಬೇಕು, ಅದೂ ಒಂದೇ ಸಲ. ನೀನು ಇದರಿಂದಲೇ ಅಂಗಡಿ ಕಟ್ಟಿದೆ. ನಾನು ಇದರಿಂದಲೇ ಮನೆ ಕೆಡಿಸಿದೆ.

ಹೇಗೆಂದರೆ, ಗಡಿಯಾರ ರಿಪೇರಿ ಮಾಡುವವನೊಬ್ಬ ತನ್ನ ಹೆಂಡತಿಯ ಜೊತೆ ಬಂದ. ಇಬ್ಬರೂ ಮೂವತ್ತರ ಒಳಗಿನವರು. ಅವನು ಪ್ರತಿ ಬಾಗಿಲನ್ನೂ ತೆರೆದು ಹಾಕಿ, ತೆರೆದು ಹಾಕಿ, ಕೀಲಿನ ಸದ್ದು ಕೇಳಿದ. ಅವಳು ಮೂರನೇ ಕೋಣೆಯಲ್ಲಿ ಸುಮ್ಮನೆ ನಿಂತು ನಾಲ್ಕು ಗೋಡೆ ನೋಡಿದಳು. ಮತ್ತೊಂದು ಸಲವೂ ಬಂದರು. ಹೊರಡುವಾಗ ಮುಂಬಾಗಿಲಲ್ಲಿ ನಿಂತು ಅವನು ‘ಅರವತ್ಮೂರು ಮಾಡ್ಕೊಳ್ಳಿ ಸಾರ್, ಅದಕ್ಕಿಂತ ನಮ್ಮ ಕೈಲಾಗಲ್ಲ’ ಎಂದ. ನಾನು ಅವಳ ಕೈ ನೋಡಿದೆ. ಬಾಗಿಲ ಚೌಕಟ್ಟಿನ ಮೇಲೆ ಭದ್ರವಾಗಿ ಒತ್ತಿ ಕೂತಿತ್ತು, ಉಗುರು ಬೆಳ್ಳಗಾಗುವಷ್ಟು. ಆಹಾ, ಬಟ್ಟೆಯ ಮೇಲೆ ಕೈ! ‘ಎಪ್ಪತ್ತೆರಡು’ ಎಂದೆ. ಅವನು ಇನ್ನೊಂದು ಸಲ ಕೇಳಿದ. ಕೈ ಹಾಗೇ ಇತ್ತು. ‘ಎಪ್ಪತ್ತೆರಡು’ ಎಂದೆ. ಅವರು ಹೊರಟುಹೋದರು. ಮಾರನೇ ದಿನ ದಲ್ಲಾಳಿ ಬಂದು ನನ್ನ ಮುಖಕ್ಕೆ ಉಗಿಯುವುದೊಂದೇ ಬಾಕಿ. ‘ಆಯಮ್ಮ ಬಸುರಿ ಸಾರ್! ತಲೆ ಸುತ್ತಿ ಬಂದು ಬಾಗಿಲು ಹಿಡ್ಕೊಂಡಿದ್ರು. ನೀವು ಒಂದು ಲೋಟ ನೀರು ಕೊಡೋದು ಬಿಟ್ಟು ಎಪ್ಪತ್ತೆರಡು ಎಪ್ಪತ್ತೆರಡು ಅಂತ ಮಗ್ಗಿ ಒಪ್ಪಿಸ್ತಾ ಇದ್ರಂತೆ!’

ನಿನ್ನ ವಿದ್ಯೆಯಲ್ಲಿ ತಪ್ಪಿಲ್ಲ. ನೀನಾಗಿದ್ದರೆ ಕೈಯ ಜೊತೆಗೆ ಮುಖವನ್ನೂ ನೋಡಿ, ಮೊದಲು ಕುರ್ಚಿ ಹಾಕಿ, ಆಮೇಲೆ ಬೆಲೆ ಹೇಳುತ್ತಿದ್ದೆ. ನಾನು ಅವಳ ಮುಖ ನೋಡಲಿಲ್ಲ, ಏಕೆಂದರೆ ನೋಡಿದ್ದರೆ ಇಳಿಸಬೇಕಾಗುತ್ತಿತ್ತು.

ಹೋದ ತಿಂಗಳು ಎರಡು ವರ್ಷ ಮುಗಿಯಿತು. ಡಾಕ್ಟರು ನಿನ್ನ ಮಿದುಳಿನ ಚಿತ್ರಗಳನ್ನು ದೀಪಕ್ಕೆ ಹಿಡಿದು ನೋಡಿ, ಅವನ್ನು ಕವರಿನೊಳಗೆ ಹಾಕುವುದಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹೊತ್ತು ತೆಗೆದುಕೊಂಡರು. ಆಮೇಲೆ ‘ಅವರು ನೆಮ್ಮದಿಯಾಗಿದ್ದಾರೆ, ಅದನ್ನ ಕಾಪಾಡೋಣ’ ಎಂದರು. ಅಷ್ಟೇ. ಅದೇ ವಾರ ದೊಡ್ಡಕ್ಕ ನನ್ನನ್ನು ಕರೆದು ಕೂರಿಸಿ, ನಿನಗೆ ಕೊಟ್ಟಿರುವ ತೋಟದ ಕಡೆಯ ಕೋಣೆಗೆ ಇನ್ನು ಮುಂದೆ ವರ್ಷದ ಹಣ ಒಟ್ಟಿಗೆ ಕಟ್ಟಬೇಕೆಂದು ಆಡಳಿತದವರು ನಿರ್ಧರಿಸಿದ್ದಾರೆಂದೂ, ತಿಂಗಳ ಕೊನೆಯೊಳಗೆ ಕಟ್ಟದಿದ್ದರೆ ನಿನ್ನನ್ನು ಮಹಡಿಯ ಹನ್ನೆರಡು ಹಾಸಿಗೆಯ ಹಾಲಿಗೆ ಕಳಿಸುತ್ತಾರೆಂದೂ ಹೇಳಿದರು. ಆ ಹಾಲಿನಲ್ಲಿ ನೀನು ಮೊದಲ ಇಪ್ಪತ್ತು ದಿನ ಇದ್ದೆ. ಅದನ್ನು ರೈಲು ನಿಲ್ದಾಣ ಎಂದುಕೊಂಡು, ಕೈಚೀಲ ತೊಡೆಯ ಮೇಲಿಟ್ಟು, ಬೆಳಗಿನಿಂದ ಸಂಜೆಯ ತನಕ ಹಾಸಿಗೆಯ ತುದಿಯಲ್ಲಿ ಕೂತಿರುತ್ತಿದ್ದೆ. ಹೋಗಿಬರುವವರನ್ನೆಲ್ಲ ‘ನಮ್ಮ ಗಾಡಿ ಬಂತಾ?’ ಎಂದು ಕೇಳುತ್ತಿದ್ದೆ. ಊಟಕ್ಕೆ ಎದ್ದರೆ ಗಾಡಿ ತಪ್ಪುತ್ತದೆ ಎಂದು ಊಟಕ್ಕೂ ಏಳುತ್ತಿರಲಿಲ್ಲ. ತೋಟದ ಕಡೆಯ ಕೋಣೆಗೆ ಬಂದ ದಿನವೇ ನೀನು ಕೈಚೀಲವನ್ನು ಮೊಳೆಗೆ ನೇತುಹಾಕಿದ್ದು.

ಈಗ ವಿಷಯ ನಿನಗೂ ತಿಳಿಯಿತಲ್ಲ. ಬೆಲೆ ಇಳಿಸದಿದ್ದರೆ ನೀನು ಆ ನಿಲ್ದಾಣಕ್ಕೆ ವಾಪಸ್. ಇಳಿಸಿದರೆ, ನೀನು ವಾಪಸ್ ಬರಲು ಮನೆಯಿಲ್ಲ. ದಲ್ಲಾಳಿ ದಿನಕ್ಕೆ ಎರಡು ಸಲ ಫೋನು ಮಾಡುತ್ತಿದ್ದಾನೆ. ಗಡಿಯಾರದವನು ಇನ್ನೂ ಬೇರೆ ಮನೆ ಹಿಡಿದಿಲ್ಲವಂತೆ, ಆದರೆ ನಾಳೆ, ಶನಿವಾರ, ಇನ್ನೊಂದನ್ನು ನೋಡಲು ಹೋಗುತ್ತಾನಂತೆ. ಅರವತ್ಮೂರಕ್ಕೆ ಹೂಂ ಎಂದರೆ ವಾರದಲ್ಲಿ ಮುಂಗಡ ಕೈಗೆ. ನನಗೆ ಹೂಂ ಎನ್ನಲು ಬಾಯಿ ಬರಲಿಲ್ಲ. ಇಂಥ ವಿಷಯವನ್ನು ನಾನು ಒಬ್ಬನೇ ಯಾವತ್ತು ತೀರ್ಮಾನಿಸಿದ್ದೇನೆ? ಚಪ್ಪಲಿ ಕೊಳ್ಳಲೂ ನೀನು ಜೊತೆಗಿರಬೇಕಿತ್ತು. ಆದ್ದರಿಂದ ಹೋದ ಭಾನುವಾರ ಮನೆಯ ನಾಲ್ಕು ಫೋಟೋ ಜೇಬಿನಲ್ಲಿಟ್ಟುಕೊಂಡು ನಿನ್ನನ್ನೇ ಕೇಳಲು ಬಂದೆ. ಗಂಡನಾಗಿ ಅಲ್ಲ, ಮನೆ ಮಾರುವ ಯಾರೋ ಅಣ್ಣನಾಗಿ.

ಆ ಭಾನುವಾರ ನಡೆದದ್ದನ್ನು ಬರೆದಿಡಬೇಕು, ಏಕೆಂದರೆ ಅದು ನಮ್ಮಿಬ್ಬರಲ್ಲಿ ನೆನಪಿರುವುದು ನನಗೊಬ್ಬನಿಗೇ. ನೀನು ಕಿಟಕಿಯ ಹತ್ತಿರ ಕೂತಿದ್ದೆ. ಫೋಟೋಗಳನ್ನು ಮುಂದಿಟ್ಟು ‘ಒಂದು ಮನೆ ಮಾರಾಟಕ್ಕಿದೆ, ನಿಮ್ಮಂಥವರು ನೋಡಿ ಬೆಲೆ ಹೇಳಬೇಕು’ ಎಂದೆ. ನಿನ್ನ ಬೆನ್ನು ನೆಟ್ಟಗಾಯಿತು. ಎರಡು ವರ್ಷದಲ್ಲಿ ಆ ಬೆನ್ನನ್ನು ನಾನು ನೋಡಿರಲಿಲ್ಲ. ಕೌಂಟರಿನ ಹಿಂದಿನ ಬೆನ್ನು. ‘ಎಷ್ಟು ಹೇಳ್ತಾ ಇದ್ದೀರಿ?’ ಎಂದು ಕೇಳಿದೆ ನೀನು. ನಾನು ಎಪ್ಪತ್ತೆರಡು ಎಂದೆ. ‘ಅಯ್ಯೋ ಅಣ್ಣಾ, ಮನೆಗೋ, ಊರಿಗೋ?’ ಎಂದು ನೀನು ನಕ್ಕೆ. ಆಮೇಲೆ ಶುರುವಾಯಿತು ನೋಡು. ಅಡುಗೆಮನೆಯ ಕಿಟಕಿ ಪಕ್ಕದ ಮನೆಯ ಗೋಡೆಗೆ ಮುಖ ಮಾಡಿದೆ, ಯಾರು ಹೇಳಿ ಇಡಿಸಿದರು ಅದನ್ನು? (ನೀನು.) ಏಣಿ ಕಡಿದಾಗಿದೆ, ವಯಸ್ಸಾದ ಮೇಲೆ ಏನು ಹಾರಿಕೊಂಡು ಹೋಗಬೇಕಾ? (ಅದನ್ನೇ ನಾನೂ ಕೇಳಿದ್ದೆ, ನೀನು ‘ಅಷ್ಟೊತ್ತಿಗೆ ನಮಗೆ ತಾರಸಿ ಬೇಕಾಗಲ್ಲ ಬಿಡೋ’ ಎಂದಿದ್ದೆ.) ಈ ಬಾಗಿಲಿಗೆ ಈ ನೀಲಿ ಬಣ್ಣ ಹೊಡೆಸಿದವರಿಗೆ ಕಣ್ಣಿತ್ತಾ? (ಇತ್ತು. ಬಹಳ ಚೆಂದದ ಕಣ್ಣು.) ನಿನ್ನ ಮನೆಯ ತಪ್ಪುಗಳನ್ನು ನೀನು ಒಂದೊಂದಾಗಿ ಹೆಕ್ಕಿ ನನ್ನ ಮುಖಕ್ಕೆ ಹಿಡಿಯುತ್ತಿದ್ದರೆ, ನಾನು ಕತ್ತೆಯ ಹಾಗೆ ಸಂತೋಷಪಡುತ್ತಿದ್ದೆ. ಏಕೆಂದರೆ ಅಷ್ಟು ಹೊತ್ತೂ ನಿನ್ನ ಬಲಗೈ ಮೂರನೇ ಕೋಣೆಯ ಫೋಟೋದ ಮೇಲಿತ್ತು. ಅದರ ಅಂಚನ್ನು ನೀವುತ್ತಿತ್ತು, ಬಟ್ಟೆಯ ನೂಲು ನೋಡುವ ಹಾಗೆ.

‘ಅರವತ್ತು ಅಂದ್ರೆ ಮಾತಾಡೋಣ’ ಎಂದೆ ನೀನು. ‘ಆದ್ರೆ ನಮ್ಮ ಪ್ರಾಸಪ್ಪನ್ನ ಒಂದು ಮಾತು ಕೇಳ್ಬೇಕು.’

ನನ್ನನ್ನು ಆ ಹೆಸರಿನಿಂದ ಕರೆಯುವವಳು ನೀನೊಬ್ಬಳೇ. ಎರಡು ವರ್ಷದ ಮೇಲೆ ಅದು ನನ್ನ ಕಿವಿಗೆ ಬಿತ್ತು, ನನ್ನನ್ನೇ ನೋಡುತ್ತ ಹೇಳಿದ ಮಾತಿನಲ್ಲಿ, ಬೇರೆ ಯಾರದೋ ಹೆಸರಾಗಿ. ಯಾರು ಪ್ರಾಸಪ್ಪ ಎಂದು ಕೇಳಿದೆ. ಕೇಳಬಾರದಿತ್ತು. ‘ನಮ್ಮ ಮನೆಯವ್ನು. ಪ್ರೆಸ್ಸಲ್ಲಿದ್ದಾನೆ. ಪ್ರಾಸ ಹೊಡೀತಾನೆ, ಕಾಸು ಹೊಡೆಯೋಕೆ ಬರಲ್ಲ. ಅವನಿಗೆ ಚೌಕಾಶಿ ಅಂದ್ರೆ ಜ್ವರ ಬರುತ್ತೆ. ಅಂಗಡಿಯವ್ನು ನೂರು ಅಂದ್ರೆ ಪಾಪ ಅಂತ ನೂರಾಹತ್ತು ಕೊಟ್ಟು ಬರ್ತಾನೆ’ ಎಂದು ತುಟಿ ಒತ್ತಿ ನಕ್ಕೆ. ‘ಆದ್ರೂ ಕೇಳ್ಬೇಕು ಅಣ್ಣಾ. ಒಳ್ಳೆಯವ್ನು.’ ನಾನು ಕುಂಡದ ಗಿಡವನ್ನು ನೋಡುತ್ತ ಕೂತೆ. ಅದಕ್ಕೆ ಆ ದಿನವೂ ಬಿಸಿನೀರು ಹಾಕಿದ್ದೆ ನೀನು.

ಆಮೇಲೆ ನೀನು ಒಳ್ಳೆಯ ವ್ಯಾಪಾರಿ ಕೇಳುವ ಪ್ರಶ್ನೆ ಕೇಳಿದೆ. ‘ಇಷ್ಟು ಚೆನ್ನಾಗಿರೋ ಮನೆ ಯಾಕೆ ಮಾರ್ತಾ ಇದ್ದೀರಿ?’ ಬಾಯಿ ತಪ್ಪಿ ‘ಚೆನ್ನಾಗಿರೋ’ ಎಂದುಬಿಟ್ಟಿದ್ದೆ. ನಾನು ಸುಳ್ಳು ಹೇಳಬಹುದಿತ್ತು. ಹೆಂಡತಿಗೆ ಹುಷಾರಿಲ್ಲ ಎಂದೆ. ದೊಡ್ಡ ಕಾಯಿಲೆಯಾ ಎಂದು ನೀನು ಕೇಳಿದೆ. ಹೂಂ ಎಂದೆ.

ನಿನ್ನ ಕೈ ಫೋಟೋದಿಂದ ಎದ್ದಿತು. ಬೆಂಕಿ ಮುಟ್ಟಿದ ಹಾಗೆ ಎದ್ದಿತು. ನಾಲ್ಕೂ ಫೋಟೋಗಳನ್ನು ಒಂದರ ಮೇಲೊಂದು ಜೋಡಿಸಿ, ಅಂಚು ಸರಿಮಾಡಿ, ನನ್ನ ಕಡೆ ಸರಿಸಿದೆ. ‘ಮೊದಲೇ ಹೇಳಬಾರದಿತ್ತಾ? ಅಂಥವರ ಹತ್ರ ನಾನು ಚೌಕಾಶಿ ಮಾಡಲ್ಲ ಅಣ್ಣಾ’ ಎಂದೆ. ನಿಜ, ನೀನು ಯಾವತ್ತೂ ಮಾಡಿಲ್ಲ. ನೀನೇ ಮುಂದುವರಿಸಿದೆ: ‘ಎಪ್ಪತ್ತೆರಡು ಅಂತ ಹಿಡ್ಕೊಂಡು ಕೂತ್ಕೋಬೇಡಿ. ಯಾರಾದ್ರೂ ಬಂದಿದ್ರೆ ಅವರು ಕೇಳಿದಷ್ಟಕ್ಕೆ ಕೊಟ್ಬಿಡಿ. ನೀವು ಮನೆ ಕಾಯ್ತಾ ಕೂತ್ರೆ ಅವರನ್ನ ಯಾರು ನೋಡ್ತಾರೆ?’ ನನ್ನ ಗಂಟಲಿನಿಂದ ಯಾರದೋ ದನಿ ಬಂತು: ‘ಅವಳು ವಾಸಿಯಾಗಿ ಬಂದು, ನನ್ನ ಮನೆ ಎಲ್ಲಿ ಅಂತ ಕೇಳಿದ್ರೆ?’ ಸುಮ್ಮನೆ ಸಮಾಧಾನಕ್ಕೆ ಹೇಳುವವಳಲ್ಲ ನೀನು, ತೂಗಿ ಹೇಳುವವಳು. ‘ನನಗಂತೂ ಗೊತ್ತಿಲ್ಲಪ್ಪ. ಅವರೇನು ಕೇಳ್ತಾರೋ. ನಾನಾಗಿದ್ರೆ ನಮ್ಮ ಪ್ರಾಸಪ್ಪ ಎಲ್ಲಿ ಅಂತ ಮೊದಲು ಕೇಳ್ತಿದ್ದೆ’ ಎಂದೆ. ಎದುರಿನ ಕುರ್ಚಿಯಲ್ಲೇ ಕೂತಿದ್ದ ಕಣೇ ಅವನು. ಮೊಣಕಾಲು ಮೊಣಕಾಲಿಗೆ ತಾಗುವಷ್ಟು ಹತ್ತಿರ. ನೀನು ಹೆದರಿಬಿಟ್ಟೀಯ ಎಂದು ಬಾಯಿ ಮುಚ್ಚಿಕೊಂಡು ಕೂತಿದ್ದ.

ಹೊರಡುವಾಗ ನೀನು ಬಾಗಿಲ ತನಕ ಬಂದೆ. ‘ಪ್ರೆಸ್ಸಿನ ಕಡೆ ಹೋಗ್ತೀರಾ?’ ಎಂದು ಕೇಳಿದೆ. ಹೋಗುತ್ತೇನೆ ಎಂದೆ. ‘ಹಾಗಾದ್ರೆ ಅವನು ಸಿಕ್ಕಿದ್ರೆ ಸಂಜೆ ಬೇಗ ಬಾ ಅಂತ ಹೇಳಿ. ಈಚೆಗೆ ಬಹಳ ತಡ ಮಾಡ್ತಾನೆ.’

ಅಲ್ಲಿಂದ ಹೊರಟವನು ಬಸ್ಸು ಹತ್ತದೆ ನಡೆದೇ ಬಂದೆ. ಸೋಮವಾರದಿಂದ ಈ ಬೆಳಗಿನ ತನಕ ಫೋನು ಎತ್ತಿಲ್ಲ. ಐದು ದಿನದಿಂದ ಪ್ರೆಸ್ಸು ಬಿಟ್ಟರೆ ಮನೆಯೊಳಗೇ ಸುತ್ತುತ್ತಿದ್ದೇನೆ. ಬಟ್ಟೆ ಕೋಣೆಯಲ್ಲಿ ನಿನ್ನ ಕಡೆಯ ಗಂಟು ಒಂದು ಉಳಿದಿದೆ, ಮುಕ್ಕಾಲು ಮೀಟರಿನ ತುಂಡುಗಳು, ಮಕ್ಕಳ ಅಂಗಿಗೆ ಸರಿಹೋಗುವಂಥವು. ಬಿಚ್ಚಿ ಹಾಸಿ, ಮತ್ತೆ ಕಟ್ಟಿದೆ. ನಿನ್ನ ಗಂಟು ನನಗೆ ಬರುವುದಿಲ್ಲ, ಸಡಿಲವಾಯಿತು. ನೀಲಿ ಬಾಗಿಲಿನ ಮುಂದೆ ನಿಂತು, ಇಳಿಸುತ್ತೇನೆ ಎಂದು ಒಂದು ಸಲ ಗಟ್ಟಿಯಾಗಿ ಹೇಳಿ ನೋಡಿದೆ. ಪಕ್ಕದ ಮನೆಯ ಅಜ್ಜಿ ‘ಏನನ್ನಪ್ಪಾ?’ ಎಂದು ಕೂಗಿ ಕೇಳಿದರು. ಏನಿಲ್ಲ ಅಜ್ಜೀ ಎಂದೆ. ನೀನು ಹೇಳಿದೆ ಎಂದು ಇಳಿಸಲೇ? ಹೇಳಿದವಳಿಗೆ ಅದು ತನ್ನ ಮನೆ ಎಂದು ತಿಳಿದಿರಲಿಲ್ಲ. ತಿಳಿದಿದ್ದರೂ ಅದನ್ನೇ ಹೇಳುತ್ತಿದ್ದೆ ಎಂದು ನನಗೆ ಅನ್ನಿಸುತ್ತದೆ; ಆದರೆ ನನಗೆ ಅನ್ನಿಸಿದ ಬೆಲೆಗಳು ಎಂಥವೆಂದು ನೀನೇ ಓದಿದೆಯಲ್ಲ. ಒಂದು ಮಾತ್ರ ಖಂಡಿತ. ಇಲ್ಲಿಯ ತನಕ ನಾನು ಕಾದದ್ದು ನೀನು ಈ ಮನೆಗೆ ಬರಲಿ ಎಂದಲ್ಲ. ನಿನಗೆ ನಾನು ಗೊತ್ತಾಗುವ ಜಾಗ ಎಲ್ಲಾದರೂ ಒಂದಿರಬೇಕು, ಅದು ಈ ಮನೆ ಎಂದುಕೊಂಡಿದ್ದೆ. ನೀನು ನಾಲ್ಕೂ ಫೋಟೋ ನೋಡಿದೆ, ಏಣಿ ನೋಡಿದೆ, ಬಾಗಿಲು ನೋಡಿದೆ. ಅಲ್ಲಿ ಎಲ್ಲೂ ನಾನಿರಲಿಲ್ಲ.

ಪ್ರೆಸ್ಸಿಗೆ ಹೊತ್ತಾಯಿತು. ಮೈ ಜೋಪಾನ. ಬಿಸಿನೀರು ಕುಡಿ. ಸಂಜೆ ತಣ್ಣಗಾದರೆ ಕಿಟಕಿ ಮುಚ್ಚಿಸಿಕೋ, ಉಣ್ಣೆಯ ಕಾಲುಚೀಲ ಹಾಕಿಕೋ. ತಲೆ ಬಾಚಲು ಬರುವ ಆ ತಂಗಿಗೆ ನನ್ನ ನಮಸ್ಕಾರ, ದೊಡ್ಡಕ್ಕನಿಗೆ ನಾನು ಋಣಿ. ನಿನಗೆ ಒಳ್ಳೆಯ ನಿದ್ದೆ ಬರಲಿ, ಕಾಲು ನೋಯದಿರಲಿ, ಕಾಯುವುದು ಬೇಸರವಾಗದಿರಲಿ.

ಇತಿ,
ಇಪ್ಪತ್ತೊಂಬತ್ತರಿಂದ ಸ್ವಲ್ಪ ಮುಂದೆ ಬಂದುಬಿಟ್ಟ
ನಿನ್ನ ಪ್ರಾಸಪ್ಪ

ತಾ.ಕ.: ಇದನ್ನು ಪ್ರೆಸ್ಸಿನಲ್ಲಿ ನಿಂತುಕೊಂಡೇ ಬರೆಯುತ್ತಿದ್ದೇನೆ, ಅಂಚೆಗೆ ಹೊತ್ತಾಯಿತು, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ ತಾಯೀ. ನಾನು ಭಾನುವಾರ ಬಂದಿದ್ದ ಅಣ್ಣ. ನೀವು ಹೇಳಿದ ಹಾಗೆ ಹನ್ನೊಂದು ಗಂಟೆಗೆ ಫೋನು ಮಾಡಿ ಬೆಲೆ ಇಳಿಸಿದೆ, ಒಂದೇ ಸಲ, ಅರವತ್ಮೂರಕ್ಕೆ. ಗಡಿಯಾರದ ದಂಪತಿ ಒಪ್ಪಿದರು. ಮೂರನೇ ಕೋಣೆಯ ಗೋಡೆಗೆ ಬಣ್ಣ ಹೊಡೆಸಿಕೊಳ್ಳಬಹುದೇ ಎಂದು ಅವನ ಹೆಂಡತಿ ಕೇಳಿದಳು, ಹೊಡೆಸಮ್ಮ ಎಂದೆ. ಮೂವತ್ತಕ್ಕೆ ಖಾಲಿ ಮಾಡಿಕೊಡಬೇಕು. ನಿಮ್ಮ ಕೋಣೆಯಿಂದ ನಿಮ್ಮನ್ನು ಯಾರೂ ಎಬ್ಬಿಸುವುದಿಲ್ಲ. ನಿಮ್ಮ ಯಜಮಾನರಿಗೂ ಸುದ್ದಿ ಮುಟ್ಟಿಸಿದೆ. ಇನ್ನು ಮೇಲೆ ಸಂಜೆ ಬೇಗ ಬರುತ್ತಾರಂತೆ, ಅವರಿಗೆ ಹೋಗಲು ಬೇರೆ ಮನೆಯಿಲ್ಲ.